ಸರೇಸಿನ ಬಿಳುಪು

ಬಾಗಲಕೋಟೆ
ತಾ. ೯-೧೦-೧೯೭೯

ಪ್ರೀತಿಯ ಚಿ. ಸೌ. ವನಮಾಲಾಳಿಗೆ,

ನಿನ್ನ ವೈನಿ ಸುಂದರಾಬಾಯಿಯ ಆಶೀರ್ವಾದ. ಇಲ್ಲಿ ನಿನ್ನ ಅಣ್ಣ ಆರಾಮ, ನಿಮ್ಮ ಅವ್ವ ಆರಾಮ, ನಾನೂ ಆರಾಮ. ಹುನಗುಂದದಲ್ಲಿ ನೀನು, ಮಾಸ್ತರರು, ಕೂಸು ಶೈಲಾ ಎಲ್ಲರೂ ಆರಾಮ ಇದ್ದೀರಿ ಎಂದು ನಂಬಿದ್ದೇನೆ. ಇಷ್ಟು ದಿನದ ಮೇಲೆ ನನ್ನ ಅಕ್ಷರ ಕಂಡು ಏನೋ ಕೆಟ್ಟ ಸುದ್ದಿ ಎಂದು ಎದೆ ಒಡೆದುಕೊಳ್ಳಬೇಡ. ಕೆಟ್ಟ ಸುದ್ದಿಯಾದರೆ ಮೂಲೆ ಹರಿದ ಕಾರ್ಡು ಬರುತ್ತಿತ್ತು. ಇದು ಲಕೋಟೆ. ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ಪೂರ್ತಿ ಅಲ್ಲ, ಅದು ನಿನಗೆ ಗೊತ್ತು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಮಾಸ್ತರರ ಕೈಗೆ ಕೊಡಬೇಡ, ಅವರಿಗೆ ಸಾಲಿಯ ನೆನಪಾಗಿ ಕೆಂಪು ಮಸಿ ತೆಗೆದಾರು.

ಬರೆಯುವ ಕಾರಣ ಅಡಿಗೆ ಮನೆಯ ಬಣ್ಣ. ನಗಬೇಡ. ಪೂರ್ತಿ ಓದು.

ಈ ಮಳೆಗಾಲದಲ್ಲಿ ಒಲೆಯ ಹಿಂದಿನ ಗೋಡೆಯ ಗಿಲಾವು ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಉದುರಿತು. ಒಂದು ದಿನ ಸಾರಿನ ಪಾತ್ರೆಯಲ್ಲೇ ಬಿತ್ತು. ನಿನ್ನ ಅಣ್ಣ ಗೌಂಡಿಯನ್ನು ಕರೆಸಿ ಗೋಡೆ ಸರಿ ಮಾಡಿಸಿದರು. ಅದರ ಜೊತೆಗೇ ಗೋಡೆಯ ಹಳೆಯ ಗೂಡುಗಳನ್ನು ಮುಚ್ಚಿಸಿ ಕಟ್ಟಿಗೆಯ ದೊಡ್ಡ ಕಪಾಟು ಮಾಡಿಸಿದರು. ಇಲಿಯ ಕಾಟ ತಪ್ಪಿತು. ಇಷ್ಟಾದ ಮೇಲೆ ಗೋಡೆಗೆ ಬಿಳಿ, ಕಪಾಟಿಗೂ ಬಿಳಿ ಎಂದಾಯಿತು.

ಬಿಳಿ ಎಂದರೆ ಬಿಳಿ ಎಂದು ನಾನು ತಿಳಿದಿದ್ದೆ ವನೂ. ಹಾಗಲ್ಲವಂತೆ. ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಬಿಳಿಯದೇ ಒಂದು ಸಾಲು. ಒಂದು ಹಾಲಿನಂತೆ, ಒಂದು ಕೆನೆಯಂತೆ, ಒಂದು ತೊಳೆದ ಅಕ್ಕಿಯಂತೆ, ಇನ್ನೊಂದು ನೀಲಿ ಹಾಕಿದ ಧೋತರದಂತೆ. ಬಾಗಿಲಲ್ಲಿ ಹಿಡಿದರೆ ಒಂದು ಕಾಣುತ್ತದೆ, ಒಲೆಯ ಮುಂದೆ ಹಿಡಿದರೆ ಬೇರೆ ಕಾಣುತ್ತದೆ. ಕೆನೆ ಹಚ್ಚಿದರೆ ಹೊಗೆಗೆ ಹಳದಿ ಆದೀತು, ಹಾಲು ಹಚ್ಚಿದರೆ ಅರಿಶಿನದ ಕೈ ಎದ್ದು ಕಂಡೀತು, ನೀಲಿಯದು ದವಾಖಾನೆಯ ಹಾಗೆ ಆದೀತು ಎಂದು ನನಗೆ ಚಿಂತೆ. ನಿನ್ನ ಅಣ್ಣನನ್ನು ಕೇಳಿದರೆ, "ಎಲ್ಲಾ ಬಿಳೀನ ಅದಾವಲ್ಲ, ಕಣ್ಣು ಮುಚ್ಚಿ ಒಂದರ ಮ್ಯಾಲೆ ಬೆರಳಿಡು. ಲಗ್ನಾ ಮಾಡಕೊಳ್ಳೂ ಮುಂದ ನಾ ಇಷ್ಟು ವಿಚಾರ ಮಾಡಿದ್ದಿಲ್ಲ" ಎಂದರು. ಅವರ ಚೇಷ್ಟೆ ಇನ್ನೂ ಹೋಗಿಲ್ಲ.

ಬಣ್ಣ ಹಚ್ಚುವವರು ನಮ್ಮ ಓಣಿಗೆಲ್ಲ ಹಚ್ಚುವ ಅಬ್ದುಲಸಾಬರೇ. ಅವರು ಮೂರು ಬಗೆ ಹೇಳಿದರು. ಸುಣ್ಣ, ಪುಡಿ ಡಿಸ್ಟೆಂಪರ್, ಎಣ್ಣೆ ಬಣ್ಣ. ಕಪಾಟಿಗೆ ಎಣ್ಣೆ ಬಣ್ಣ ಬಿಟ್ಟರೆ ಬೇರೆ ಇಲ್ಲ, ಗೋಡೆಗೆ ಮಾತ್ರ ಸುಣ್ಣವೋ ಡಿಸ್ಟೆಂಪರೋ ನೀವೇ ಹೇಳಿರಿ ಎಂದರು. ನಮ್ಮ ಮನೆಯಲ್ಲಿ ಅದನ್ನು ಕೇಳುವ ಮಾತೇ ಇಲ್ಲ. ಅಡಿಗೆ ಮನೆಗೆ ಸುಣ್ಣವೇ ಶುದ್ಧ ಎಂದು ಜನ್ಮವೆಲ್ಲ ಸಾಧಿಸಿದವರು ನಿಮ್ಮ ಅವ್ವ. ಆದರೆ ಈ ಸಲ ಅವರೇ ಒಳಗಿನಿಂದ, "ಸುಣ್ಣಾ ಬ್ಯಾಡ. ಗ್ವಾಡಿ ಹಿಡದರ ಸೆರಗಿಗೆ ಹತ್ತತದ. ಆ ಪುಡಿ ಬಣ್ಣಾನ ಹಚ್ಚಲಿ" ಎಂದರು. ನನಗೆ ಆಶ್ಚರ್ಯವಾಯಿತು. ವಯಸ್ಸಾಯಿತು, ಗೋಡೆ ಹಿಡಿದು ನಡೆಯುತ್ತಾರೆ, ಸೀರೆ ಬೆಳ್ಳಗಾಗುವುದು ಬೇಸರವಾಗಿರಬೇಕು ಎಂದುಕೊಂಡು ಸುಮ್ಮನಾದೆ. ಬಿಳಿಯೊಳಗೆ ಯಾವ ಬಿಳಿ ಎಂದು ಕೇಳಿದ್ದಕ್ಕೆ, "ಯಾವುದರೆ ಆಗಲಿ" ಎಂದರು. ಕಡೆಗೆ ನಾನು ಹಾಲಿನದಕ್ಕೆ ಬೆರಳಿಟ್ಟೆ.

ದಸರೆಯ ಮಡಿಯೆಲ್ಲ ಮುಗಿದ ಮೇಲೆ ಕೆಲಸ ಹಿಡಿದರು. ಪಾತ್ರೆ ಪಡಗ ಹೊರಗೆ ಬಂದವು, ಪಡಸಾಲೆಯ ಮೂಲೆಯಲ್ಲಿ ಅಡಿಗೆ. ಗೋಡೆಗೆಲ್ಲ ಒಂದು ಕೈ ಆಗಿ ಎರಡನೆಯದು ಮುಗಿಯುತ್ತ ಬಂದಿತ್ತು. ನಾನು ಹಿತ್ತಲಿಗೆ ಹೋದರೆ ಎಂಥದೋ ವಾಸನೆ. ಅಬ್ದುಲಸಾಬರು ಮೂರು ಕಲ್ಲಿನ ಮೇಲೆ ಡಬ್ಬಿ ಇಟ್ಟು ಬೆಲ್ಲದ ಪಾಕದಂಥದು ಕಾಸುತ್ತಿದ್ದರು. ಏನ್ರಿ ಇದು ಎಂದೆ. "ಸರೇಸು ಬಾಯಾರ. ಇದನ್ನ ಕೂಡಸಲಿಲ್ಲಂದ್ರ ಪುಡಿ ಗ್ವಾಡೀಗೆ ಹಿಡಿಯಂಗಿಲ್ಲ, ಕೈ ಹಚ್ಚಿದ್ರ ಉದರತದ" ಎಂದರು. ಸರೇಸು ಎಂದರೆ ಏನು ಎಂದು ಕೇಳಬಾರದಿತ್ತು. ಕೇಳಿದೆ. "ದನದ ತೊಗಲಾ ಎಲುಬಾ ಕುದಿಸಿ ಮಾಡೂ ಅಂಟರಿ. ನಿಮಗ ಗೊತ್ತಿತ್ತಂತ ತಿಳಕೊಂಡಿದ್ನಿ" ಎಂದರು.

ಅಲ್ಲೇ ಕೂತುಬಿಟ್ಟೆ. ಮಡಿ ಅಡಿಗೆ ಮನೆ ವನೂ! ಉಳ್ಳಾಗಡ್ಡಿ ಬಾರದ ಮನೆ. ನಾಲ್ಕೂ ಗೋಡೆಗೆ ದನದ ತೊಗಲು ಬಳಿಸಿದ್ದೆ ನಾನು. ಕೆರೆದು ತೆಗೆಯಲಿಕ್ಕೆ ಬರುತ್ತದೆಯೇ ಎಂದೆ. "ಕೆರದ್ರ ಹೊಸಾ ಗಿಲಾವೂ ಬರತದರಿ" ಎಂದರು ಅವರು, ಪಾಪ, ಅವರ ಮುಖವೂ ಸಣ್ಣದಾಗಿತ್ತು. ದೊಡ್ಡ ಬಾಯಾರ ಮುಂದೆ ಬಾಯಿ ಬಿಡಬೇಡಿರಿ ಎಂದು ಕೈ ಮುಗಿದೆ. ಅವರು ಏನೋ ಹೇಳಬೇಕೆಂದು ಬಾಯಿ ತೆರೆದು ಮತ್ತೆ ಡಬ್ಬಿ ಕಲಕಿದರು.

ನಿಮ್ಮ ಅವ್ವನ ಮಡಿ ಎಂಥದು ಎಂದು ನಿನಗೆ ನಾನು ಬರೆಯಬೇಕೇ. ಅದರ ಪೆಟ್ಟು ತಿಂದವಳು ನೀನೇ. ನೀನು ಅಂದಾನಪ್ಪ ಮಾಸ್ತರರನ್ನು ಮದುವೆಯಾದ ಸುದ್ದಿ ಬಂದ ದಿನ ಅವರು ಒಲೆಯ ಮುಂದೆ ನಿಂತು, "ನನ್ನ ಮಡಿ ಇರೂತನಕಾ ಆಕಿ ಈ ಅಡಿಗೀ ಮನಿ ಹೊಸ್ತಿಲಾ ದಾಟಬಾರದು" ಎಂದು ರಾಯರ ಆಣೆ ಇಟ್ಟರು. ಮಾಸ್ತರರು ಲಿಂಗಪೂಜೆ ಇಲ್ಲದೆ ನೀರು ಮುಟ್ಟುವವರಲ್ಲ, ಇಲ್ಲಿ ನಿನ್ನ ಅಣ್ಣ ಕಚೇರಿಯ ಎದುರಿನ ಹೋಟೆಲಿನಲ್ಲಿ ಭಜಿ ತಿಂದು ಬಾಯಿ ಒರೆಸಿಕೊಂಡು ಬರುತ್ತಾರೆ. ಅದೆಲ್ಲ ಯಾರಿಗೆ ಬೇಕು. ಆಣೆ ಆಣೆಯೇ. ಆ ಯುಗಾದಿಗೆ ನೀನು ಬಂದವಳು ಮರೆತು ಸಣ್ಣವಳಿದ್ದಾಗಿನಂತೆ ಸೀದಾ ಒಳಗೆ ಹೋಗಿ ನೀರು ತುಂಬಿಕೊಂಡೆ. ಅವರು ಕೊಡದ ನೀರೆಲ್ಲ ಚೆಲ್ಲಿ, ಹುಣಸೆ ಹಣ್ಣು ಹಚ್ಚಿ ಕೊಡ ತಿಕ್ಕಿದ ಸಪ್ಪಳ ಪಡಸಾಲೆಯಲ್ಲಿ ಕೂತು ನೀನು ಕೇಳಿದೆ. ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೆ ಹೋದೆ. ಅದಾದ ಮೇಲೆ ನೀನು ಬಂದಿಲ್ಲ. ಬಾ ಎನ್ನಲಿಕ್ಕೆ ನನಗೂ ಬಾಯಿ ಬಂದಿಲ್ಲ.

ಅಂಥವರನ್ನು ಈ ಗೋಡೆಯ ನಡುವೆ ಕೂರಿಸಿ ತಲೆ ತಗ್ಗಿಸಿ ಉಣಬಡಿಸುತ್ತಿದ್ದೆ. ಅವರು ತುತ್ತು ಎತ್ತಿದಾಗಲೆಲ್ಲ ಈ ಪಾಪ ಯಾರ ತಲೆಗೆ ಎಂದು ಲೆಕ್ಕ ಹಾಕುತ್ತಿದ್ದೆ. ಮುಂದಿನ ತಿಂಗಳು ಮಾವನವರ ಶ್ರಾದ್ಧ. ಅದರ ಅಡಿಗೆ ಇಲ್ಲಿ ಹೇಗೆ ಮಾಡುವುದು? ಹೇಳಿದರೆ ಅವರು ಊಟ ಬಿಟ್ಟಾರು, ಹೇಳದಿದ್ದರೆ ನನಗೆ ಗತಿ ಇಲ್ಲ. ಅವರು ಊಟ ಬಿಟ್ಟರೆ ತಾಳುವ ಸ್ಥಿತಿಯಲ್ಲಿಲ್ಲ.

ಮೇಲೆ ಆರಾಮ ಎಂದು ಬರೆದೆ. ಅಷ್ಟು ಆರಾಮ ಇಲ್ಲ. ನಿಮ್ಮ ಅವ್ವನ ಕಾಲು ಬಾತಿವೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಡಾಕ್ಟರು ನಿನ್ನ ಅಣ್ಣನನ್ನು ಹೊರಗೆ ಕರೆದು ಏನೋ ಹೇಳಿದರು. ಅಂದು ನಿನ್ನ ಅಣ್ಣ ಊಟಕ್ಕೆ ಕೂತು ಸಾರಿಗೆ ಉಪ್ಪಿಲ್ಲದ್ದನ್ನು ಗುರುತಿಸದೆ ಎದ್ದು ಹೋದರು. ಇದನ್ನು ಮೊದಲೇ ಬರೆಯಬೇಕಿತ್ತು, ಮೊದಲೇ ಬರೆದರೆ ನೀನು ಮುಂದಿನದನ್ನು ಓದದೆ ಬಸ್ಸು ಹತ್ತಿ ಬಂದು ಮತ್ತೆ ಪಡಸಾಲೆಯಲ್ಲೇ ಕೂತುಕೊಂಡೀಯ ಎಂದು ಅಂಜಿದೆ.

ನಿನ್ನೆ ಮಧ್ಯಾಹ್ನ ಅವರದು ಊಟವಾಗಿತ್ತು. ನಾನು ಎಲೆ ತೆಗೆಯುತ್ತಿದ್ದೆ. ಅವರು ಏಳಲಿಲ್ಲ.

"ಸುಂದರಾ, ಯಾಕ ನನ್ನ ಮಾರಿ ಕಡೆ ನೋಡವಲ್ಲಿ?"

"ಏನಿಲ್ರಿ ಅತ್ಯಾರ."

"ಗ್ವಾಡಿ ಕಡೀನೂ ನೋಡವಲ್ಲಿ. ಸರೇಸು ಹಾಕ್ಯಾರಲ್ಲ ಇದಕ್ಕ?"

ಎಲೆ ಅಲ್ಲೇ ಬಿಟ್ಟು ಅವರ ಕಾಲ ಮೇಲೆ ಬಿದ್ದೆ. ನನಗೆ ಗೊತ್ತಿರಲಿಲ್ಲ, ಗಂಡನಾಣೆಗೂ ಗೊತ್ತಿರಲಿಲ್ಲ ಎಂದು ಅತ್ತೆ. ಅವರು, "ಏಳು, ಏಳು. ಮುಸರಿ ಕೈಲೆ ಮುಟ್ಟತಿ ಏನು? ನನಗೇನು ಮೂಗಿಲ್ಲೇನು?" ಎಂದರು. ಬೈಯಲಿಲ್ಲ ವನೂ. ಬೈದಿದ್ದರೆ ನನಗೆ ಧೈರ್ಯವಿರುತ್ತಿತ್ತು.

ಕೆರೆಸಿ ತೆಗೆಸುತ್ತೇನೆ, ಗಿಲಾವು ಹೋದರೆ ಹೋಗಲಿ, ಮತ್ತೆ ಸುಣ್ಣ ಹಚ್ಚಿಸುತ್ತೇನೆ ಎಂದೆ. ಆಗ ಮಾತ್ರ ಸಿಟ್ಟು ಬಂತು. "ಕೈ ಹಚ್ಚಿಗಿಚ್ಚೀ ನೋಡು!" ಎಂದರು. ಸ್ವಲ್ಪ ಹೊತ್ತು ಏದುಸಿರು ಬಿಟ್ಟು, ಮೆಲ್ಲಗೆ, "ಕೆಲಸದವರು ಬಂದು ಹೋದರ ಸಾರಿಸಿ ತಗೀಬಹುದು. ಗ್ವಾಡಿಯೊಳಗ ಕೂತದ್ದನ್ನ ಹ್ಯಾಂಗ ಸಾರಸ್ತಿ? ಹೋತದು. ನನ್ನ ಮಡಿ ಹೋತು" ಎಂದರು.

"ವನೂಗ ಬರಿ" ಎಂದರು.

ನನಗೆ ಕೇಳಿಸಿತೋ ಇಲ್ಲವೋ ಎಂದು ಅನುಮಾನ. ಏನೆಂದು ಬರೆಯಲಿ ಎಂದು ಕೇಳಿದೆ.

"ಏನಂತ? ಗ್ವಾಡಿ ಆತು, ಕಪಾಟದ್ದು ಉಳದದ, ಯಾವ ಬಿಳಿ ಛಲೋ ಕಾಣತದ ಬಂದು ಹೇಳು ಅಂತ ಬರಿ. ನಿನಗ ಬಿಟ್ಟರ ಮುಂದಿನ ದೀಪಾವಳಿತನಕಾ ಚೀಟಿ ಹಿಡಕೊಂಡು ಅಡ್ಡಾಡತಿ."

"ಮಾಸ್ತರಿಗೂ ಬರೀಲ್ರಿ?"

ಅವರು ಎಲೆಯ ಸುತ್ತ ಬಿದ್ದ ಅಗುಳು ಒಂದೊಂದೇ ಆರಿಸಿ ಎಲೆಗೆ ಹಾಕಿದರು. ಬೇಡ ಎನ್ನುತ್ತಾರೆ ಎಂದು ತಿಳಿದೆ. ಆಮೇಲೆ, "ದೀಪಾವಳಿಗೆ ಅಳಿಯನ್ನ ಬಿಟ್ಟು ಮಗಳನ್ನಷ್ಟ ಕರೀತಾರೇನ? ಇಷ್ಟೂ ತಿಳೀದೇನು ನಿನಗ" ಎಂದರು. ಎದ್ದು ಗೋಡೆ ಹಿಡಿದು ಹೋಗುತ್ತ ಬಾಗಿಲಲ್ಲಿ ನಿಂತು, "ಆ ಕೂಸಿಗೆ ಏನು ಸೇರತದ ಕೇಳು. ಕರದಂಟು ತಿಂತದೋ, ಹಲ್ಲಿಗೆ ಗಟ್ಟಿ ಆಗತದೋ" ಎಂದರು. ಶ್ರಾದ್ಧಕ್ಕೆ ಹಿತ್ತಲಲ್ಲಿ ಹೊಸ ಒಲೆ ಹೂಡಿದರೆ ಆಯಿತು ಎಂಬುದನ್ನೂ ಅವರೇ ಹೇಳಿದರು. ನಾನು ಅಷ್ಟು ದಿನ ಚಿಂತೆ ಮಾಡಿದ್ದಕ್ಕೆ ಅವರ ಬಳಿ ಉತ್ತರ ತಯಾರಿತ್ತು.

ಇವತ್ತು ಬೆಳಿಗ್ಗೆ ಗಳದ ಮೇಲೆ ಒಣಗಿದ ಮಡಿ ಸೀರೆ ಕೋಲಿನಿಂದ ತೆಗೆದುಕೊಡಲಿಕ್ಕೆ ಹೋದೆ. ಬೇಡ, ಪೆಟ್ಟಿಗೆಯೊಳಗಿನದು ಕೊಡು ಎಂದರು. ನಾನು ಮಡಿಕೆ ಹಾಕಿಟ್ಟಿದ್ದ, ಎಲ್ಲರ ಕೈ ತಾಕಿದ ಸೀರೆ. ನಾನು ಕೈಯಲ್ಲಿ ಕೊಟ್ಟೆ, ಅವರು ಕೈಯಲ್ಲೇ ತೆಗೆದುಕೊಂಡರು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಪೂಜೆಗೆ ಮುಂಚಿನ ಮಡಿಯ ಹೊತ್ತಿನಲ್ಲಿ ಅವರ ಬೆರಳು ನನಗೆ ತಾಗಿದ್ದು ಇದೇ ಮೊದಲು. ತಣ್ಣಗಿದ್ದವು. ಉಟ್ಟುಕೊಂಡು ದೇವರ ಮನೆಯ ಒಳಗೆ ಹೋಗಲಿಲ್ಲ. ಹೊರಗೇ ಕೂತು ಕಣ್ಣು ಮುಚ್ಚಿದರು. ನಾನು ನೋಡಬಾರದೆಂದು ಒಲೆಯ ಕಡೆ ಬಂದೆ.

ವನೂ, ನಿನಗೆ ಸಿಟ್ಟಿರುತ್ತದೆ. ಇಷ್ಟು ವರ್ಷ ಬೇಡವಾದವಳು ಗೋಡೆ ಮೈಲಿಗೆಯಾದ ಮೇಲೆ ಬೇಕಾದೆನೇ ಎಂದು ನೀನು ಕೇಳಬಹುದು. ಕೇಳಿದರೆ ತಪ್ಪಿಲ್ಲ. ಮಾಸ್ತರರು ಬರಲಿಕ್ಕೆ ಒಪ್ಪದಿದ್ದರೆ? ಬಂದರೆ ಪಕ್ಕದ ಮನೆಯ ಲೀಲಾಬಾಯಿ ಓಣಿ ತುಂಬ ಸಾರಿದರೆ? ಹಬ್ಬದೊಳಗೆ ಈ ಕಾಗದ ಮುಟ್ಟದಿದ್ದರೆ? ಇವೆಲ್ಲ ನನ್ನ ತಲೆಯಲ್ಲಿ ಕುದಿಯುತ್ತಿವೆ. ಆದರೂ ಬಾ. ನೀರು ತುಂಬುವ ದಿನಕ್ಕೇ ಬಾ. ಈ ಸಲ ಕೊಡದ ನೀರು ನೀನೇ ತುಂಬು, ಒಳಗಿನಿಂದ ತೆಗೆದುಕೊಂಡು ಕುಡಿ. ಕಪಾಟಿನ ಬಾಗಿಲುಗಳನ್ನು ಬಣ್ಣ ಹಚ್ಚದೆ ಹಾಗೇ ಬಿಡಿಸಿದ್ದೇನೆ. ನನ್ನ ಮನಸ್ಸು ಕೆನೆಯ ಕಡೆ ಇದೆ, ಆದರೆ ಗೋಡೆ ಹಾಲಿನದು, ಎರಡೂ ಕೂಡಿದರೆ ಒಂದು ಹಳತು ಕಂಡೀತೇನೋ. ನೀನೇ ನೋಡಿ ಹೇಳು.

ಕೂಸಿಗೆ ಮುತ್ತು. ಮಾಸ್ತರರಿಗೆ ನಮಸ್ಕಾರ ತಿಳಿಸು. ಇದಕ್ಕೆ ಉತ್ತರ ಬರೆಯುತ್ತ ಕೂತು ದಿನ ಕಳೆಯಬೇಡ. ನೀನೇ ಬಂದರೆ ಅದೇ ಉತ್ತರ.

ನಿನ್ನ ದಾರಿ ನೋಡುತ್ತಿರುವ ವೈನಿ,
ಸುಂದರಾ

ತಾ. ಕ.: ಲಕೋಟೆ ಮುಚ್ಚಬೇಕೆನ್ನುವಷ್ಟರಲ್ಲಿ ಅಬ್ದುಲಸಾಬರು ತಮ್ಮ ನಿಚ್ಚಣಿಕೆ ಒಯ್ಯಲು ಬಂದರು. ದೊಡ್ಡ ಬಾಯಾರಿಗೆ ಗೊತ್ತಾಗಿಹೋಯಿತು, ವಾಸನೆ ಹಿಡಿದುಬಿಟ್ಟರು ಎಂದೆ. ಅವರು ಆಚೆ ಈಚೆ ನೋಡಿ, "ವಾಸನಿ ಎಲ್ಲೀದರಿ ಬಾಯಾರ? ನಾ ಬಣ್ಣಾ ತರೂಕಿಂತ ಮೊದಲ ಹಿತ್ತಲ ಬಾಗಲಕ್ಕ ಕರದು, ಸರೇಸು ಯಾವುದರಾಗ ಇರತದಂತ ಅವರ ಕೇಳಿದ್ರು. ಅವರಿಗೆ ಅದು ಬ್ಯಾಡಾಗಿರಬೇಕಂತ ನಾ ಸುಣ್ಣಾ ತೋರಿಸಿದ್ನಿ. ಅದಲ್ಲೋ, ಇರೂದನ್ನ ತೋರಸು ಅಂದ್ರು. ಗಟ್ಟಿಯಾಗಿ ಹಾಕು, ನಾ ಹೇಳೀನಂತ ನನ್ನ ಸೊಸಿಗೆ ಹೇಳಬ್ಯಾಡ, ಆಕಿ ಅಂಜಬುರುಕಿ ಅಂದ್ರು" ಎಂದರು. ನೀನು ಬಂದಾಗ ಈ ಮಾತು ಅವರ ಮುಂದೆ ತೆಗೆಯಬೇಡ. ಗೋಡೆ ಛಲೋ ಆಗ್ಯದ ಅವ್ವಾ ಎಂದಷ್ಟೇ ಅನ್ನು.