ಹಿಂದಿನ ಸೀಟಿನ ಎತ್ತರ

29 ಸೆಪ್ಟೆಂಬರ್ 2024, ಭಾನುವಾರ

ಬೈಕಿನ ಚೈನ್ ತೊಳೆದು ಎಣ್ಣೆ ಬಿಟ್ಟೆ. ಗಾಳಿ ನೋಡಿದೆ. ಹ್ಯಾಂಡಲ್ ಹತ್ತಿರದ ಗಡಗಡ ಹಾಗೇ ಇದೆ. ಅರವತ್ತೆರಡು ಸಾವಿರ ಕಿಲೋಮೀಟರ್ ಓಡಿದ ಗಾಡಿ, ಅದಕ್ಕೂ ಮೈಕೈ ನೋವು ಇರುತ್ತದೆ, ಪಾಪ. ಎರಡನೇ ಮಹಡಿಯ ಬಾಲ್ಕನಿಯಿಂದ ಅತ್ತೆ, ಇಡೀ ಮಣಿಕೊಂಡ ಬಡಾವಣೆಗೆ ಕೇಳುವ ಹಾಗೆ — "ಅನೂ, ಎಷ್ಟ ತಿಕ್ಕತೀಯವಾ ಅದನ್ನ! ನಿನ್ನ ಗಂಡಗ ಒಂದಿನ ಹಿಂಗ ಎಣ್ಣಿ ಹಚ್ಚಿದ್ರ ಹೊಟ್ಟಿ ಕರಗ್ತಿತ್ತು." ಕಿರಣ್ ಅಲ್ಲೇ ಪಕ್ಕದಲ್ಲಿ ಪೇಪರ್ ಓದುತ್ತಿದ್ದ. ತಲೆ ಎತ್ತಲಿಲ್ಲ.

ಆಫೀಸಿನ ನರಹರಿ ಮತ್ತೆ ಹೊಸ ಮಾಡೆಲ್‌ನ ವಿಡಿಯೋ ಕಳಿಸಿದ್ದಾನೆ. ಆರು ಗೇರು. ಘಾಟಿನಲ್ಲಿ ಏದುಸಿರು ಬಿಡುವುದಿಲ್ಲವಂತೆ. ಜೂನ್‌ನಲ್ಲಿ ಅವರ ಗುಂಪು ಲಡಾಖ್‌ಗೆ ಹೊರಟಿದೆ, ನನ್ನ ಹೆಸರೂ ಪಟ್ಟಿಯಲ್ಲಿದೆ. ನನಗೆ ನಲವತ್ತಾರು. ಈಗ ಬಿಟ್ಟರೆ ಇನ್ನು ಫೋಟೋದಲ್ಲೇ ನೋಡಬೇಕು.

ವಿಡಿಯೋ ನಾಲ್ಕು ಸಲ ನೋಡಿದೆ.

2 ಅಕ್ಟೋಬರ್, ಬುಧವಾರ. ಸಂಜೆ

ಮಹಾನವಮಿ ಅಮಾವಾಸ್ಯೆ. ಗಾಂಧಿ ಜಯಂತಿ ರಜೆ ಬೇರೆ. ಝರಾಸಂಗಮದ ಗುಡಿಗೆ ಹೋಗಿ ಬಂದೆವು, ನಾನು ಮತ್ತು ಅತ್ತೆ.

ಮೂರು ವರ್ಷವಾಯಿತು ಈ ರೂಢಿಗೆ. ಒಂದು ಅಮಾವಾಸ್ಯೆ ಕಾರು ಗ್ಯಾರೇಜಿನಲ್ಲಿತ್ತು. "ಹಂಗಾರ ನಿನ್ನ ಗಾಡಿ ತಗಿ" ಅಂದರು. ಒಳಗೆ ಹೋಗಿ ತಮ್ಮ ಅವ್ವನ ಕಾಲದ ಹಾಗೆ ಕಚ್ಚೆ ಸೀರೆ ಉಟ್ಟು ಬಂದರು, ಎರಡೂ ಕಡೆ ಕಾಲು ಹಾಕಿ ಕೂತರು. ಅರವತ್ತೊಂಬತ್ತು ವರ್ಷದ ಶರಣಬಸಮ್ಮನವರು! ಅಂದಿನಿಂದ ಕಾರು ಬೇಡವೇ ಬೇಡ. ಕಾರಿನಲ್ಲಿ ಮಗ ಸಕ್ಕರೆ, ಬಿಪಿ ಅಂತ ದಾರಿಯುದ್ದಕ್ಕೂ ಪಾಠ ಹೇಳುತ್ತಾನೆ.

ತೊಂದರೆ ಒಂದೇ, ಹತ್ತುವುದು. ಅದಕ್ಕೆ ಕಟ್ಟೆ ಬೇಕು. ಬೇರೆಯವರು ಈ ಗಾಡಿಯಲ್ಲಿ ಗುಡ್ಡ ಹುಡುಕುತ್ತಾರೆ, ನಾನು ಕಟ್ಟೆ ಹುಡುಕುತ್ತೇನೆ. ಸಂಗಾರೆಡ್ಡಿ ದಾಟಿದ ಮೇಲೆ ಬೇವಿನ ಮರದ ಕಟ್ಟೆ, ಸದಾಶಿವಪೇಟೆಯ ಚಹಾದ ಅಂಗಡಿಯ ಕಟ್ಟೆ, ಜಹೀರಾಬಾದ್ ಹತ್ತಿರ ಮುರಿದ ಮೋರಿ. ಎಲ್ಲದರ ಎತ್ತರ ಬಾಯಿಪಾಠ.

ಇನ್ನೊಂದು ಬರೆಯಬೇಕು. ಬರೆಯಲು ನಾಚಿಕೆ. ಹೋದ ವರ್ಷ ಎರಡೂ ಹೆಲ್ಮೆಟ್‌ಗೆ ಇಂಟರ್‌ಕಾಮ್ ಹಾಕಿಸಿದೆ. "ಏನರ ಹೇಳೂದಿದ್ರ ಈ ಗುಂಡಿ ಒತ್ತಿ ಮಾತಾಡ್ರಿ" ಅಂತ ಅತ್ತೆಗೆ ತೋರಿಸಿದೆ. ಆಮೇಲೆ ಗೊತ್ತಾಯಿತು — ಒಮ್ಮೆ ಆನ್ ಮಾಡಿದರೆ ಗುಂಡಿಯೇ ಬೇಕಿಲ್ಲ, ಎಲ್ಲವೂ ಕೇಳುತ್ತದೆ. ಅವರಿಗೆ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ... ವರ್ಷ ದಾಟಿತು. ಅವರು ಗುಂಡಿ ಮುಟ್ಟುವುದಿಲ್ಲ, ನನ್ನ ಬೆನ್ನ ಹಿಂದೆ ಒಬ್ಬರೇ ಮಾತಾಡಿಕೊಳ್ಳುತ್ತಾರೆ. ಲಾರಿಗಳಿಗೆ ಬೈಯುತ್ತಾರೆ. ತೊಗರಿ ಹೊಲ ಕಂಡರೆ ಹೊಗಳುತ್ತಾರೆ. ತೀರಿಕೊಂಡ ಮಾವನವರಿಗೆ ಮನೆಯ ವರದಿ ಒಪ್ಪಿಸುತ್ತಾರೆ. "ಒಂದ ಕಪ್ ಚಹಾ ಸಿಕ್ಕಿದ್ರ..." ಅಂತ ಗೊಣಗಿದರೆ ನಾನು ಗಾಡಿ ನಿಲ್ಲಿಸುತ್ತೇನೆ. "ಹೆಂಗ ಗೊತ್ತಾತವಾ ನಿನಗ?" ಅಂತ ಕಣ್ಣರಳಿಸುತ್ತಾರೆ. ಮನೆಯಲ್ಲಿ ನಾವಿಬ್ಬರೂ ಮಾತಾಡುವುದು ಪಲ್ಯ, ಹಾಲು, ಕೆಲಸದವಳು. ಅತ್ತೆ ಅಂದರೆ ಯಾರು ಅಂತ ನನಗೆ ತಿಳಿದದ್ದು ಹೆಲ್ಮೆಟ್ಟಿನಲ್ಲಿ.

ಇವತ್ತು ವಾಪಸ್ ಬರುವಾಗ ಮಾವನವರಿಗೆ ಹೇಳಿದರು — "ಕೇಳ್ರಿ, ನಿಮ್ಮ ಸೊಸಿ ಹೊಸ ಗಾಡಿ ಮ್ಯಾಲೆ ಕಣ್ಣಿಟ್ಟಾಳ. ಭಾಳ ಎತ್ತರ ಐತಂತ್ರಿ ಅದು. ಇದನ್ನ ಹತ್ತಾಕ ನನ್ನ ಮೊಣಕಾಲು ಸಾಕವ್ವಾ ಸಾಕು ಅಂತಾವ. ನನ್ನ ಮಾರಿ ನೋಡಿ ಆಕಿ ಬ್ಯಾಡ ಅಂದ್ರ ಏನ ಮಾಡೂದ್ರಿ?"

ಪಟಾಂಚೆರುವಿನ ತನಕ ನನಗೆ ರಸ್ತೆ ಸರಿಯಾಗಿ ಕಾಣಲಿಲ್ಲ.

13 ಅಕ್ಟೋಬರ್, ಭಾನುವಾರ

ದಸರಾ ಮುಗಿಯಿತು. ಬನ್ನಿ ಕೊಟ್ಟು ಕಾಲಿಗೆ ಬಿದ್ದಾಗ ಅತ್ತೆ "ಬಂಗಾರದಂಗ ಇರು" ಅಂದು ತಲೆ ಮೇಲೆ ಕೈಯಿಟ್ಟು, ಕೈ ಬೇಗ ತೆಗೆಯಲಿಲ್ಲ.

ಇವತ್ತು ಟೆಸ್ಟ್ ರೈಡ್. ನರಹರಿಯೂ ಬಂದಿದ್ದ. ಏನು ಗಾಡಿ! ಮೂರನೇ ಗೇರಿನಲ್ಲಿ ಅದು ಎಳೆದ ರೀತಿಗೆ ಹೆಲ್ಮೆಟ್ ಒಳಗೆ ಒಬ್ಬಳೇ ನಕ್ಕೆ. ಆಸೆ ಅಂದರೆ ಆಸೆ. ಸುಳ್ಳು ಯಾಕೆ ಬರೆಯಲಿ.

ವಾಪಸ್ ಬಂದು ಹಿಂದಿನ ಸೀಟಿಗೆ ಹತ್ತಿದೆ. ಶೋರೂಮಿನವನಿಗೆ ಆಶ್ಚರ್ಯ — "ಮೇಡಂ, ಮೀರು ಮುಂದು ಕದಾ?" ಮುಂದೆ ಕೂರುವವಳು ನಾನಲ್ಲವೇ ಅಂತ. ಎಡ ಮೊಣಕಾಲು ಬಿಗಿ ಹಿಡಿದುಕೊಂಡು, ಅತ್ತೆಯ ಹಾಗೆ ಹತ್ತಲು ನೋಡಿದೆ. ಆಗಲಿಲ್ಲ. ಹಳೆಯದಕ್ಕಿಂತ ನಾಲ್ಕು ಬೆರಳು ಎತ್ತರ. ನನ್ನ ಕಟ್ಟೆಗಳೆಲ್ಲ ನಾಲ್ಕು ಬೆರಳು ಗಿಡ್ಡವಾದವು.

"ಅಕ್ಕಾರ, ಬುಕ್ ಮಾಡಿಬಿಡ್ರಿ, ಹಬ್ಬದ ಆಫರ್ ಐತಿ" ಅಂದ ನರಹರಿ. ನೋಡೋಣ ಅಂದೆ.

15 ಅಕ್ಟೋಬರ್

ಮೆಹದಿಪಟ್ಟಣಂನಲ್ಲಿ ಮೆಕ್ಯಾನಿಕ್ ರಾಮದಾಸರ ಹತ್ತಿರ ಹೋಗಿದ್ದೆ. ಬೀದರಿನವರು, ನನ್ನ ಗಾಡಿಗೆ ಅವರ ಕೈಯೇ ಆಗಬೇಕು. ಹೊಸದರ ಎತ್ತರ ತಗ್ಗಿಸಲು ಬರುತ್ತದೆಯೇ ಅಂತ ಕೇಳಿದೆ. ಕೈ ಒರೆಸಿಕೊಳ್ಳುತ್ತ ಹೇಳಿದರು — "ಬರ್ತೈತ್ರಿ ಮೇಡಂ, ಯಾಕ ಬರಲ್ಲ. ಆದ್ರ ಆಮ್ಯಾಲೆ ಅದರ ಹೊಟ್ಟಿ ಕಲ್ಲಿಗೆ ಬಡೀತೈತಿ, ಲಡಾಖ್ ಮಾತ ಬಿಡ್ರಿ, ಮೆಹದಿಪಟ್ಟಣಂದಾಗ ತರಕಾರಿ ತರ್ರಿ ಅದರ ಮ್ಯಾಲೆ."

ಸರಿ. ಎರಡು ದೋಣಿಯಲ್ಲಿ ಕಾಲಿಡಲು ಬರುವುದಿಲ್ಲ.

20 ಅಕ್ಟೋಬರ್, ಭಾನುವಾರ

ಊಟದ ಹೊತ್ತಿಗೆ ಹೇಳಿಬಿಟ್ಟೆ, ಹೊಸದು ಬೇಡ ಅಂತ. ಕಿರಣ್ — "ಯಾಕ? ಅಷ್ಟ ಕುಣಿಯಾಕತ್ತಿದ್ದಿ?" ಬಣ್ಣ ಮನಸ್ಸಿಗೆ ಬರಲಿಲ್ಲ ಅಂದೆ. ಅತ್ತೆ ಕೇಳದೇ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು, ಮುಖ ನೋಡದೆ.

ನರಹರಿಗೆ ಮೆಸೇಜ್ ಹಾಕಿದೆ — ಪಟ್ಟಿಯಿಂದ ನನ್ನ ಹೆಸರು ತೆಗಿ.

1 ನವೆಂಬರ್, ಶುಕ್ರವಾರ

ದೀಪಾವಳಿ ಅಮಾವಾಸ್ಯೆ. ಪೂಜೆ ಇರುವುದರಿಂದ ಈ ಸಲ ಹೋಗುವುದಿಲ್ಲ, ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಅತ್ತೆಯ ಈ ಮಾತು: "ಇನ್ನ ಮುಂದ ನಾ ಗಾಡಿ ಮ್ಯಾಲೆ ಬರಂಗಿಲ್ಲವಾ. ಡಾಕ್ಟರ್ ಬ್ಯಾಡ ಅಂದಾರ."

ಯಾವ ಡಾಕ್ಟರ್? ಯಾವಾಗ? ಇವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವಳೇ ನಾನು.

ಸಿಟ್ಟು ಬಂತು. ಕೇಳಲಿಲ್ಲ. ಕೇಳಿದರೆ, ನಿನ್ನ ಬಣ್ಣದ ಕಥೆ ಏನು ಅಂತ ಅವರೂ ಕೇಳಬಹುದು. ಅವರ ಹೆಲ್ಮೆಟ್ಟಿನ ಒಳಗಿನ ಬಟ್ಟೆ ಒಗೆದು, ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದ್ದಾರೆ.

10 ನವೆಂಬರ್, ಭಾನುವಾರ

ಒಬ್ಬಳೇ ಹೋದೆ. ಸದಾಶಿವಪೇಟೆಯ ಚಹಾದವನು "ಅಮ್ಮ ರಾಲೇದಾ?" ಅಂದ, ಅಮ್ಮ ಬರಲಿಲ್ಲವೇ ಅಂತ. ಕಾಲು ನೋವು ಅಂದೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿದೆ. ಇಂಟರ್‌ಕಾಮ್ ಆನ್ ಇತ್ತು, ಸುಮ್ಮನೆ. ಗುಡಿಯ ತನಕ ಹೋಗಲು ಮನಸ್ಸಾಗಲಿಲ್ಲ. ಅಲ್ಲಿಂದಲೇ ತಿರುಗಿಸಿದೆ.

ಅತ್ತೆಯ ಮಾತಿಲ್ಲದೆ ಆ ರಸ್ತೆ ಬರೀ ಹೈವೇ.

28 ನವೆಂಬರ್

ಮೂರು ದಿನ ಬಾಯಿಗೆ ಬಂದದ್ದನ್ನು ನುಂಗಿ ಇವತ್ತು ಅಂದೆ: "ಅತ್ತೀ, ಐತವಾರ ಅಮಾಸಿ ಐತ್ರಿ. ಒಂದ ಸಲ ಬರ್ರಿ." ತೊಗರಿಬೇಳೆ ಆರಿಸುತ್ತಿದ್ದರು. ಮೊರ ಕೆಳಗಿಟ್ಟರು. "ಅಟ್ಟದ ಮ್ಯಾಲಿಂದ ಅದನ್ನ ಇಳಸ ಅಂತ ಹೇಳು ಕಿರಣಗ."

1 ಡಿಸೆಂಬರ್, ಭಾನುವಾರ. ಸಂಜೆ

 

ಬೆಳಿಗ್ಗೆ ಆರಕ್ಕೆ ಬಿಟ್ಟೆವು. ಪಟಾಂಚೆರು ಬಂತು, ಸಂಗಾರೆಡ್ಡಿ ಬಂತು, ಅತ್ತೆ ಪಿಟ್ ಅನ್ನಲಿಲ್ಲ. ಲಾರಿಗೂ ಬೈಗುಳವಿಲ್ಲ. ಬೇವಿನ ಮರದ ಕಟ್ಟೆ ದಾಟಿದೆವು. ಆಗ ಕಿವಿಯಲ್ಲಿ, ಗುಂಡಿ ಒತ್ತದೆ, ನೇರವಾಗಿ —

"ಅನೂ. ಕೇಳಾಕತ್ತೀಯಲ್ಲ?"

  ಗಾಡಿ ತಾನಾಗಿ ನಿಧಾನವಾಯಿತು.

"ಕೇಳಾಕತ್ತಿ. ಹ್ವಾದ ವರ್ಷದಿಂದ ಕೇಳಾಕತ್ತಿ. ನಾ ಚಹಾ ಅಂದ್ರ ಚಹಾದ ಅಂಗಡಿ, ಒಂದಕ್ಕ ಅಂದ್ರ ಪೆಟ್ರೋಲ್ ಬಂಕು. ದೇವರೂ ಇಷ್ಟ ಲಗೂ ಕೇಳಂಗಿಲ್ಲವಾ."

"ಅತ್ತೀ... ತಪ್ಪಾತ್ರಿ. ಮೊದಲ ದಿನಾನ ಹೇಳಬೇಕಿತ್ತು."

"ಹೇಳಿದ್ರ ನಾ ಬಾಯಿ ಮುಚ್ಚತಿದ್ದೆ. ಗೊತ್ತಾದ ಮ್ಯಾಲೂ ನಾ ಯಾಕ ಸುಮ್ಮನಿದ್ದೆ ಹೇಳು? ಮನ್ಯಾಗ ಸೊಸಿ ಮುಂದ ಕೂತು ಇದನ್ನೆಲ್ಲಾ ಆಡಾಕ ಬರ್ತೈತೇನು? ನಿಮ್ಮ ಮಾವಗ ಹೇಳಿದಂಗ ಮಾಡಿ ನಿನಗ ಹೇಳ್ತಿದ್ದೆ."

ಹಾಗಾದರೆ ಮೊಣಕಾಲಿನ ಮಾತೂ ನನಗೇ ಆಡಿದ್ದು. ಅದನ್ನು ಕೇಳಿದ ಮೇಲೂ ನಾನು ಬೇಡ ಅಂತೀನೋ ಇಲ್ಲವೋ ಅಂತ ನೋಡಿದರು. ನಾನು ಬೇಡ ಅಂದೆ. ಅದಕ್ಕೇ ಇಲ್ಲದ ಡಾಕ್ಟರು ಹುಟ್ಟಿಕೊಂಡರು.

"ಗಾಡಿ ತಗೋ, ಅನೂ. ನಾ ಹತ್ತತೀನೋ ಇಲ್ಲೋ, ಅದು ನನ್ನ ಮೊಣಕಾಲಿನ ಜಗಳ. ನಡುವ ನೀ ಬರಬ್ಯಾಡ."

"ನೀವ ಇಲ್ಲಂದ್ರ ನನಗ ಈ ರಸ್ತಾನ ಬ್ಯಾಡ್ರಿ."

"ಹುಚ್ಚಿ. ರಸ್ತಾ ನಾ ಹಾಸೀನೇನು?" ನನ್ನ ಹೆಲ್ಮೆಟ್ ತಟ್ಟಿದರು — "ಲಡಾಖ್‌ನಿಂದ ಕೇಳಸ್ತೈತೇನು ಇದು?"

"ಇಲ್ರಿ. ಒಂದ ಮೈಲಿನ ತನಕ ಅಷ್ಟ."

"ಹಂಗಾರ ದಿನಾ ಫೋನ್ ಮಾಡಬೇಕು. ಸಂಜಿ ಏಳಕ್ಕ. ಈಗ ನಿಲ್ಲಸು, ಚಹಾ ಕುಡಿಯೂನು."

ಚಹಾದವನು ಲೋಟ ಇಟ್ಟು ಹೋಗುವ ತನಕ ಇಬ್ಬರೂ ಹೆಲ್ಮೆಟ್ ತೆಗೆಯಲಿಲ್ಲ. ತೆಗೆದಿದ್ದರೆ ನಮ್ಮ ಮುಖ ಅವನಿಗೆ ಕಾಣುತ್ತಿತ್ತು.

21 ಡಿಸೆಂಬರ್, ಶನಿವಾರ

ಬಂತು. ಹಳೆಯದನ್ನು ಶೋರೂಮಿನಲ್ಲಿ ಬಿಟ್ಟು ಬರುವಾಗ ಟ್ಯಾಂಕ್ ಸವರಿದೆ, ಅಷ್ಟೇ. ಹಿಂದೆ ತಿರುಗಿ ನೋಡಲಿಲ್ಲ.

ಪಾರ್ಕಿಂಗ್‌ನಲ್ಲಿ ಕಿರಣ್ ಹೂವಿನ ಹಾರ ಹಾಕಿದ, ಚಕ್ರದ ಕೆಳಗೆ ನಿಂಬೆಹಣ್ಣು. ಅತ್ತೆ ವಿಭೂತಿ ಹಚ್ಚಿ, ಕಚ್ಚೆ ಬಿಗಿದು, ಕಟ್ಟೆಯ ಮೇಲೆ ನಿಂತರು. ಎರಡು ಸಲ ಹತ್ತಲು ನೋಡಿದರು. ಕಾಲು ಏಳಲಿಲ್ಲ. ಕಿರಣ್ ಎತ್ತಿ ಕೂರಿಸಲು ಹೋದ. "ದೂರ ಸರಿ, ನಾ ಏನ ಜ್ವಾಳದ ಚೀಲೇನು?" ಅಂದು ಇಳಿದು ಲಿಫ್ಟಿಗೆ ಹೋದರು. ನಗುತ್ತಲೇ ಹೋದರು. ನನಗೆ ನಗು ಬರಲಿಲ್ಲ.

ಹೊಸ ಗಾಡಿ ತಂದ ದಿನ ಹಿಂದಿನ ಸೀಟು ಇಷ್ಟು ಖಾಲಿ ಕಾಣುತ್ತದೆ ಅಂತ ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ.

27 ಡಿಸೆಂಬರ್

ಆಫೀಸ್ ಬಸ್ಸಿನಿಂದ ಇಳಿದು ಬಂದಾಗ ಕಿರಣ್ ಹೇಳಿದ, ನಾಲ್ಕು ದಿನದಿಂದ ಅವ್ವ ಸಂಜೆ ಐದಕ್ಕೆ ವಾಕಿಂಗ್ ಅಂತ ಕೆಳಗೆ ಹೋಗುತ್ತಿದ್ದಾಳೆ, ದೇವರ ಮನೆಯ ಮಣೆ ಕಂಕುಳಲ್ಲಿ ಇಟ್ಟುಕೊಂಡು. "ಮಣಿ ತಗೊಂಡು ಯಾರ ವಾಕಿಂಗ್ ಹೋಗ್ತಾರ?"

ಇವತ್ತು ಮಣೆಯ ಮೂಲೆಗೆ ಚಪ್ಪಲಿಯ ಧೂಳಿತ್ತು. ಒರೆಸಿ ಜಾಗದಲ್ಲಿಟ್ಟೆ.

30 ಡಿಸೆಂಬರ್, ಸೋಮವಾರ. ಬೆಳಿಗ್ಗೆ 5.50

ಸೋಮವಾರವೇ ಅಮಾವಾಸ್ಯೆ. ರಜೆ ಹಾಕಿದ್ದೇನೆ. ಗಾಡಿಯನ್ನು ಕಟ್ಟೆಯ ಪಕ್ಕಕ್ಕೆ ತಂದು ಸೆಂಟರ್ ಸ್ಟ್ಯಾಂಡ್ ಹಾಕಿ ಬಂದೆ. ಅತ್ತೆ ಬರುತ್ತಾರೋ ಇಲ್ಲವೋ ನಿನ್ನೆ ಹೇಳಲಿಲ್ಲ. ಕೋಣೆಯಲ್ಲಿ ಇಲ್ಲ. ಬಚ್ಚಲಲ್ಲೂ ಇಲ್ಲ. ದೇವರ ಮನೆಯಲ್ಲಿ ದೀಪ ಉರಿಯುತ್ತಿದೆ, ಮಣೆ ಇಲ್ಲ, ಅವರ ಹೆಲ್ಮೆಟ್ಟೂ ಇಲ್ಲ. ನನ್ನ ಹೆಲ್ಮೆಟ್ ಆನ್ ಮಾಡಿ ಮೇಜಿನ ಮೇಲೆ ಇಟ್ಟುಕೊಂಡು ಇದನ್ನು ಬರೆಯುತ್ತಿ—

ಹೆಲ್ಮೆಟ್ ಮಾತಾಡಿತು.

"ಅನೂ, ಕೇಳಾಕತ್ತೀಯಲ್ಲ? ನಾ ಹತ್ತೇನಿ. ಯಾರೂ ಹಿಡದಿಲ್ಲ, ನಾನಽ ಹತ್ತೇನಿ. ಮಣಿ ಜಾರಿ ಕೆಳಗ ಬಿತ್ತು, ಈಗ ಇಳಿಯಾಕ ಬರವಲ್ದು, ಲಗೂ ಬಾ, ಹಂಗ ಹೊಂಟಬಿಡೂ—"