ಬಸವನಹುಳು ಮಲಗಿದ ಮಧ್ಯಾಹ್ನ

ಹಾಸ್ಟೆಲ್, ರೂಮ್ ನಂಬರ್ ಇಪ್ಪತ್ತಮೂರು
ಶನಿವಾರ, ೧೨ ಆಗಸ್ಟ್

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ನಿಮ್ಮ ಹಡಗಿನ ಅಡುಗೆಯವನಿಗೆ ಉಪ್ಪು ಹಾಕುವುದು ಈಗಲಾದರೂ ಬಂತಾ? ನಾನು ಚೆನ್ನಾಗಿದ್ದೇನೆ. ಅಂದರೆ ಮೊದಲ ಟೆಸ್ಟ್ ಮುಗಿದಿದೆ, ರಿಸಲ್ಟ್ ಬಂದಿಲ್ಲ, ಆದ್ದರಿಂದ ಸದ್ಯಕ್ಕೆ ಚೆನ್ನಾಗಿದ್ದೇನೆ. ಹತ್ತನೇ ವಯಸ್ಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದವಳ ಕನ್ನಡ ಇದು, ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೋ.

ಮೊದಲು ದೊಡ್ಡ ಸುದ್ದಿ. ನಮ್ಮ ಹಳೇ ವಿಡಿಯೋ ಗೇಮ್ ಮುಗಿಸಿಬಿಟ್ಟೆ! ಅದೇ ಕಣೋ, ಪೋಸ್ಟ್‌ಮ್ಯಾನ್ ಬಸವನಹುಳು, ಅದು ಸೀನಿದರೆ ಬಾಗಿಲು ತೆರೆಯುವುದು. ಮನೆಯಿಂದ ಪೆಟ್ಟಿಗೆ ಸಮೇತ ತಂದು ಕಾಮನ್ ರೂಮಿನ ಟಿವಿಗೆ ಸಿಕ್ಕಿಸಿದೆ. ಮೂರೇ ವಾರ! ನೀನು ಎರಡು ವರ್ಷ ತಲೆ ಚಚ್ಚಿಕೊಂಡ ಚಂದ್ರನ ಗೋಪುರದ ಕೊನೇ ಬಾಗಿಲಿದೆಯಲ್ಲ, ಅದರ ಮುಂದೆ ಸೀನಲೇಬಾರದು. ಸುಮ್ಮನೆ ಒಂದು ನಿಮಿಷ ನಿಂತರೆ ಒಳಗಿನವರೇ ಬಂದು ತೆಗೆಯುತ್ತಾರೆ. ಪಕ್ಕದ ರೂಮಿನ ಸೀನಿಯರ್, ನಾವೆಲ್ಲ ಹೆಡ್ಮಿಸ್ಸು ಅಂತ ಕರೆಯುವವಳು, "ಓದೋದ್ರಲ್ಲೂ ಹಿಂಗೇ ಇದ್ರೆ ಗೋಲ್ಡ್ ಮೆಡಲ್ಲೇ ಕಣೇ ಮರೀ" ಅಂತ ಕಿವಿ ಹಿಂಡಿದಳು.

ಗೆದ್ದವಳಿಗೆ ಧೈರ್ಯ ಬಂದಿದೆ, ಇಳಿಯುವ ಮೊದಲು ಹೇಳಿಬಿಡುತ್ತೇನೆ. ನೀನು ಅಪ್ಪನ ಜೊತೆ ಮಾತು ಬಿಟ್ಟು ಒಂದೂವರೆ ವರ್ಷವಾಯಿತು. ನಿಮ್ಮ ಜಗಳಕ್ಕೆ ನೂರು ಕಾರಣ ಇರಬಹುದು, ಆದರೆ ಪ್ರತಿ ಸಲವೂ ನೀನು ಶುರು ಮಾಡುತ್ತಿದ್ದುದು ಆ ಗೇಮಿನ ವಯರಿನಿಂದಲೇ. "ಅವತ್ತು ವಯರ್ ಕಿತ್ತು ನನ್ನ ಎರಡು ವರ್ಷದ ಆಟ ಮಣ್ಣುಪಾಲು ಮಾಡಿದ್ರಿ." ಅಣ್ಣಾ, ನಿನ್ನ ಆಟ ಅಳಿಸಿದ್ದು ಅಪ್ಪ ಅಲ್ಲ. ನಾನು.

ಆಗ ನನಗೆ ಹತ್ತು ವರ್ಷ. ನೀನು ಟ್ಯೂಷನ್‌ಗೆ ಹೋಗಿದ್ದೆ. ಹೀರೋಗೆ ನನ್ನ ಹೆಸರಿಟ್ಟು ನೋಡೋಣ ಅಂತ ಹೊಸ ಆಟ ಶುರು ಮಾಡಿದೆ. ನಡೆದೂ ನಡೆದೂ ಬಸವನಹುಳುವಿಗೆ ಸುಸ್ತಾಗಿರಬೇಕು, ಪಾಪ ಅನ್ನಿಸಿತು. ಹಾಸಿಗೆ ಕಂಡಿತು, ಮಲಗಿಸಿದೆ. ಅದು ಮಲಗಿದರೆ ಆಟ ಸೇವ್ ಆಗುತ್ತದೆ, ಸೇವ್‌ಗೆ ಇರುವುದು ಒಂದೇ ಜಾಗ, ಅಲ್ಲಿದ್ದ ನಿನ್ನದು ಅಳಿಸಿಹೋಗುತ್ತದೆ ಅಂತ ನನಗೇನು ಗೊತ್ತು? ಗೊತ್ತಾದ ಮೇಲೆ, ಸಿಕ್ಕಿಬೀಳುತ್ತೇನೆಂದು ನನ್ನದನ್ನೂ ಅಳಿಸಿದೆ. ಅಷ್ಟರಲ್ಲಿ ಅಪ್ಪ ಬಂದು "ಊಟಕ್ಕೆ ಎಷ್ಟು ಸಲ ಕರೀಬೇಕು?" ಅಂತ ವಯರ್ ಎಳೆದರು. ಆಮೇಲೆ ನೀನು ಬಂದು, ವಯರ್ ಎಳೆದದ್ದಕ್ಕೇ ಸೇವ್ ಹೋಯಿತು ಅಂದುಕೊಂಡು ಮನೆ ಹಾರಿಹೋಗುವಂತೆ ಕೂಗಾಡಿದೆ. ನಾನು ತುಟಿಪಿಟಕ್ಕೆನ್ನಲಿಲ್ಲ.

ಬರೀ ಸಾರಿ ಅಂದರೆ ಸಾಲದು, ಗೊತ್ತು. ಬಯ್ಯುವುದಿದ್ದರೆ ಎರಡು ಪುಟ ಪೂರ್ತಿ ಬಯ್ದು ಹಾಸ್ಟೆಲ್ ವಿಳಾಸಕ್ಕೇ ಹಾಕು. ಗಾಳಿಗೆ ಹೊರಟಾಗ ಕಿವಿ ಮುಚ್ಚಿಕೋ, ನಿನಗೆ ಬೇಗ ಶೀತ ಹಿಡಿಯುತ್ತದೆ.

ನಿನ್ನ ತಪ್ಪಿತಸ್ಥ ತಂಗಿ,
ಗುಬ್ಬಚ್ಚಿ

ತಾ.ಕ.: ಟಪಾಲಿನವನು ಗೇಟಿನಲ್ಲಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಹೋದ ರಜೆಯಲ್ಲಿ ಅಪ್ಪನ ಹತ್ತಿರ ಒಪ್ಪಿಕೊಂಡರೆ ಅವರು ನಕ್ಕರು. ಅವರಿಗೆ ಮೊದಲೇ ಗೊತ್ತಿತ್ತು! ಬಾಗಿಲ ಹಿಂದೆ ನಿಂತು ಎಲ್ಲ ನೋಡಿ, ಬೇಕೆಂತಲೇ ವಯರ್ ಎಳೆದರಂತೆ. "ಮಾರನೇ ದಿನ ನಿನ್ನ ಮೊದಲನೇ ಸಲ ಹಾಸ್ಟೆಲ್‌ಗೆ ಬಿಡಬೇಕಿತ್ತಲ್ಲಮ್ಮ, ಅಣ್ಣನ ಕೈಲಿ ಬೈಸ್ಕೊಂಡು ಹೋಗೋದು ಬೇಡ ಅನ್ನಿಸ್ತು" ಅಂದರು. ಈ ಕಾಗದ ಸಿಕ್ಕ ಮೇಲೆ ಬರುವ ಭಾನುವಾರ ನೀನು ಅಮ್ಮನಿಗೆ ಫೋನ್ ಮಾಡಿದಾಗ ಅಪ್ಪ ಎತ್ತಿದರೆ, ದಯವಿಟ್ಟು ಕಟ್ ಮಾಡಬೇಡ.