ಹೂಂಗುಟ್ಟುವ ಹೊಲ

ಕೊಳಕೂರ, ಜೇವರ್ಗಿ ತಾಲೂಕು
೫ ಅಕ್ಟೋಬರ್ ೧೯೪೧

ಗೆಳೆಯ ಅಣ್ಣಾರಾಯನಿಗೆ ಬುರಾನುದ್ದೀನನ ಸಲಾಮು.

ಸೊಲ್ಲಾಪುರದಿಂದ ನೀನು ಬರೆದ ಕಾರ್ಡುಗಳೆಲ್ಲ ಬಂದು ಮುಟ್ಟಿವೆ. ಎಲ್ಲದರಲ್ಲೂ ಒಂದೇ ಪ್ರಶ್ನೆ: ಅಷ್ಟು ಚೆಂದದ ಹಕ್ಕಿಯ ಫೋಟೋ ತೆಗೆದವನು ಆಮೇಲೆ ಯಾಕೆ ಸುಮ್ಮನಾದೆ, ಫಿಲಂ ಕಳಿಸುವುದನ್ನು ಯಾಕೆ ಬಿಟ್ಟೆ? ನಿಮ್ಮ ಸ್ಟುಡಿಯೋದ ಮಾಲೀಕರು ಅದನ್ನು ದೊಡ್ಡದು ಮಾಡಿಸಿ ಅಂಗಡಿಯ ಗಾಜಿನೊಳಗೆ ತೂಗುಹಾಕಿದ್ದಾರೆಂದು ಓದಿ ನಾನು ಹಿಗ್ಗಬೇಕಾಗಿತ್ತು. ಹಿಗ್ಗಲಾಗಲಿಲ್ಲ. ಯಾಕೆಂದು ಹೇಳುತ್ತೇನೆ. ಮಧ್ಯದಲ್ಲಿ ಎಲ್ಲಿಯೂ ನಿನ್ನನ್ನು ದೂರುತ್ತಿದ್ದೇನೆಂದು ತಿಳಿಯಬೇಡ.

ಆಳಂದದ ಶಾಲೆಯಲ್ಲಿ ನನ್ನ ಕನ್ನಡ ಅಕ್ಷರ ತಿದ್ದುತ್ತಿದ್ದವನು ನೀನು. ನೀನು ಕೊಟ್ಟ ಹಳೆಯ ಕ್ಯಾಮೆರಾ ಹಿಡಿದು ನಾನು ಈ ಊರಿಗೆ ಮಾಸ್ತರನಾಗಿ ಬಂದ ಮೇಲೆ ಫೋಟೋ ತಿದ್ದಿದವನೂ ನೀನೇ. ನಾನು ಕಳಿಸಿದ ಫಿಲಂ ತೊಳೆದು, ಪ್ರಿಂಟಿನ ಬೆನ್ನ ಮೇಲೆ ಪೆನ್ಸಿಲಿನಿಂದ ಬರೆದು ನೀನು ಕಳಿಸುತ್ತಿದ್ದೆ. ಮೊದಲು ಒಂದು ಒಳ್ಳೆಯ ಮಾತು, ಆಮೇಲೆ ತಪ್ಪು, ಕೊನೆಗೆ ಮುಂದಿನ ಸಲ ಏನು ಮಾಡಬೇಕೆಂಬುದು. ಭೀಮಾ ನದಿಯ ಕೊಕ್ಕರೆಗಳ ಹಿಂದೆ ದಂಡೆ ವಾಲಿದೆ ಎಂದು ನೀನು ಬರೆದೆ. ನಾನು ನೆಟ್ಟಗೆ ಹಿಡಿಯಲು ಕಲಿತೆ. ಜಿಂಕೆಗಳನ್ನು ಎದ್ದುನಿಂತು ತೆಗೆದಿದ್ದೀಯ, ಅವುಗಳ ಕಣ್ಣಿನ ಮಟ್ಟಕ್ಕೆ ಇಳಿ ಎಂದು ಬರೆದೆ. ನಾನು ಕಪ್ಪು ಎರೆಮಣ್ಣಿನಲ್ಲಿ ಹೊಟ್ಟೆಯ ಮೇಲೆ ಮಲಗಿದೆ. ನನ್ನ ಹೆಂಡತಿ ಮುಮತಾಜ ಆ ಅಂಗಿ ಒಗೆಯಲಾರದೆ ನಿನ್ನ ಹೆಸರು ಹಿಡಿದು ಬೈದಿದ್ದಳು.

ಈಗ ಹುಲೆಪ್ಪನ ವಿಷಯ. ಊರಾಚೆ ಅವನದೊಂದು ಎರೆಹೊಲ ಇದೆ. ಹೋದ ವರ್ಷ ಮಳೆಗಾಲದಲ್ಲಿ ಅವನ ಹೆಂಡತಿ ಮಲ್ಕಮ್ಮ ಅಲ್ಲಿ ಬಗ್ಗಿ ಕಸ ತೆಗೆಯುತ್ತಿದ್ದಾಗ ಹಾವು ಕಚ್ಚಿತು. ಮನೆ ಮುಟ್ಟಿಸುವುದರೊಳಗೆ ಜೀವ ಹೋಗಿತ್ತು. ಹುಲೆಪ್ಪ ಆ ಹೊಲ ಬಿತ್ತುವುದನ್ನು ಬಿಟ್ಟ. ಹುಲ್ಲು ಎದೆಯುದ್ದ ಬೆಳೆಯಿತು.

ಈ ವರ್ಷ ಮೊದಲ ಮಳೆ ಬೀಳುತ್ತಲೇ ಆ ಹುಲ್ಲಿನಿಂದ ಒಂದು ದನಿ ಬರತೊಡಗಿತು. ಬೆಳಕು ಹರಿಯುವ ಹೊತ್ತಿಗೆ, ಬಹಳ ಆಳದಿಂದ ಬಂದಂತೆ: ‘ಹೂಂ’. ಸ್ವಲ್ಪ ತಡೆದು ಮತ್ತೆ ‘ಹೂಂ’. ಸತ್ತ ಮಲ್ಕಮ್ಮನೇ ಎಂದು ಹೆದರಿ ಜನ ಆ ದಾರಿ ಬಿಟ್ಟು ಸುತ್ತುಹಾಕಿ ಹೋಗಲಾರಂಭಿಸಿದರು. ಹುಲೆಪ್ಪ ಮಾತ್ರ ದಿನಾ ಮುಂಜಾನೆ ಹೋಗಿ ಬದುವಿನ ಮೇಲೆ ಕೂರುತ್ತಿದ್ದ. ಎತ್ತಿನ ಕಾಲು ನೋಯುತ್ತಿದೆ, ಭಾಗಿ ಇವತ್ತು ಪುಂಡಿಪಲ್ಯೆ ಮಾಡಿದ್ದಾಳೆ, ಸಂತೆಯಲ್ಲಿ ನಿನ್ನ ತಮ್ಮ ಸಿಕ್ಕಿದ್ದ, ಹೀಗೆ ಒಂದೊಂದೇ ಹೇಳುತ್ತಿದ್ದ. ಒಂದು ಮಾತು ಮುಗಿಸಿ ಕಾಯುತ್ತಿದ್ದ. ಹುಲ್ಲಿನಾಚೆಯಿಂದ ‘ಹೂಂ’ ಬಂದ ಮೇಲೆ ಮುಂದಿನದು. ನಾನೇ ಕಂಡಿದ್ದೇನೆ. ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತ ಗಂಡನ ಮಾತಿಗೆ ಹೂಂಗುಡುವುದಿಲ್ಲವೇ, ಹಾಗೆಯೇ.

ಭಾಗಿ ಎಂದರೆ ಭಾಗಮ್ಮ, ಅವನ ಒಬ್ಬಳೇ ಮಗಳು. ತಂದೆಗೆ ಬೇಯಿಸಿ ಹಾಕಲು ನಿಂಬರ್ಗಾದ ಗಂಡನ ಮನೆಯಿಂದ ಬಂದು ಇಲ್ಲಿದ್ದಳು. ಗಂಡ ಕರೆಕಳಿಸುತ್ತಲೇ ಇದ್ದ. ಈ ಸ್ಥಿತಿಯಲ್ಲಿ ಬಿಟ್ಟು ಹೋಗುವುದು ಹೇಗೆಂದು ಅವಳ ಸಂಕಟ. ಒಂದು ದಿನ ಶಾಲೆಗೇ ಬಂದು ಬಾಗಿಲಲ್ಲಿ ನಿಂತಳು. ಅಲ್ಲಿರುವುದು ಏನೋ ಪ್ರಾಣಿ ಎಂದು ಅವಳಿಗೆ ಅನುಮಾನ. ಅಪ್ಪನ ಮುಂದೆ ಹೇಳಿದರೆ ನಂಬುತ್ತಿರಲಿಲ್ಲ.

‘ನಿಮ್ಮ ಕ್ಯಾಮೆರಾದಾಗ ಹಿಡದು ತೋರಸ್ರಿ ಮಾಸ್ತರ. ನಮ್ಮಪ್ಪ ಸತ್ತವರ ಕೂಡ ಮಾತಾಡಾಕತ್ತಾನ್ರಿ. ನಾ ಹೆಂಗ ಹೋಗಲಿ?’ ಎಂದಳು.

ಮಂಜಿನಲ್ಲಿ ದೂರದಿಂದ ತೆಗೆದ ಮೊದಲ ಫೋಟೋ ನಿನಗೆ ನೆನಪಿರಬೇಕು. ಹುಲ್ಲಿನ ನಡುವೆ ಬೆಳ್ಳಗೆ ಏನೋ ಬಗ್ಗಿ ನಿಂತಿದೆ. ನೋಡಿದರೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸು ಕಸ ಕೀಳುತ್ತಿರುವ ಹಾಗೆ. ‘ಬೆಳಕು ಬಹಳ ಚೆನ್ನಾಗಿದೆ. ಆದರೆ ಹಕ್ಕಿಯೋ ಹೆಂಗಸೋ ತಿಳಿಯುವುದಿಲ್ಲ. ನೋಡಿದವನಿಗೆ ಇದು ಏನೆಂಬುದು ಗೊತ್ತಾಗಬೇಕು. ಹತ್ತಿರ ಹೋಗು, ಉಸಿರು ಬಿಗಿಹಿಡಿ, ಸೂರ್ಯ ನಿನ್ನ ಬೆನ್ನಿಗಿರಲಿ’ ಎಂದು ನೀನು ಬರೆದೆ. ದಿನಾ ಅದೇ ಜಾಗಕ್ಕೆ ಬರುವ ಹಕ್ಕಿಯಾದರೆ ಒಳಗೆ ಅಡಗಿ ಕೂರಲು ಒಂದು ಆಸರೆ ಮಾಡಿಕೋ ಎಂಬ ಉಪಾಯ ಹೇಳಿದವನೂ ನೀನೇ. ನಾನು ಹಾಗೇ ಮಾಡಿದೆ. ಹೊಲದಲ್ಲಿ ಜೋಳದ ದಂಟಿನ ಹಳೆಯ ಬಣವಿ ಇತ್ತು. ಅದರಲ್ಲಿ ಒಂದು ಗೂಡು ಮಾಡಿಕೊಂಡು ಕೂತೆ.

ಅದು ಬಂತು. ಅಣ್ಣಾರಾಯ, ಅಂಥ ಹಕ್ಕಿಯನ್ನು ನಾನು ಹಿಂದೆ ಕಂಡಿರಲಿಲ್ಲ. ನನ್ನ ಸೊಂಟದೆತ್ತರ, ತಲೆಯ ಮೇಲೆ ಕಪ್ಪು ಟೊಪ್ಪಿಗೆ, ಬಿಳಿಯ ಉದ್ದ ಕುತ್ತಿಗೆ. ಗಂಟಲಿನ ಚೀಲ ಉಬ್ಬಿಸಿ ನೆಲಕ್ಕೆ ತಾಗುವಷ್ಟು ಜೋತುಬಿಟ್ಟು, ಬಾಲವನ್ನು ಬೆನ್ನ ಮೇಲೆ ಹರವಿ, ಮೈಯೆಲ್ಲ ನಡುಗಿಸಿ ‘ಹೂಂ’ ಎಂದಿತು. ಆ ದನಿ ನನ್ನ ಎದೆಯ ಗೂಡಿನಲ್ಲಿ ಕೇಳಿಸಿತು. ಆಚೆ ಬದುವಿನಿಂದ ಹುಲೆಪ್ಪನ ಮಾತು ಸಣ್ಣಗೆ ತೇಲಿಬರುತ್ತಿತ್ತು. ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ.

ನೀನು ಆ ಫೋಟೋದ ಬೆನ್ನ ಮೇಲೆ ಬರೆದದ್ದು ಒಂದೇ ಸಾಲು: ‘ಇದರಲ್ಲಿ ತಿದ್ದುವುದೇನೂ ಇಲ್ಲ.’

ಅದನ್ನು ಹಿಡಿದು ಹುಲೆಪ್ಪನ ಮನೆಗೆ ಹೋದೆ. ಅಕ್ಕಪಕ್ಕದವರೆಲ್ಲ ಸೇರಿದರು. ಅವನು ಕಟ್ಟೆಯ ಮೇಲೆ ಕೂತು ಫೋಟೋವನ್ನು ಹತ್ತಿರ ಹಿಡಿದ, ದೂರ ಹಿಡಿದ, ಬೆಳಕಿಗೆ ತಿರುಗಿಸಿದ. ಆಮೇಲೆ ನನ್ನ ಮುಖ ನೋಡಿದ.

‘ಹಂಗಾರ ಆಕಿ ಅಲ್ಲೇನ್ರಿ ಮಾಸ್ತರ?’

ಅಲ್ಲ, ಹಕ್ಕಿ ಎಂದೆ. ತಲೆಯಾಡಿಸಿ ಫೋಟೋ ನನ್ನ ಕೈಗೇ ಕೊಟ್ಟು ಒಳಗೆ ಹೋದ. ಸುತ್ತ ನಿಂತವರು ನಗುತ್ತಿದ್ದರು. ಒಂದು ಹಕ್ಕಿಗೆ ಇಡೀ ಊರು ಹೆದರಿತ್ತಲ್ಲ ಎಂದು ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿ ನಗುತ್ತಿದ್ದರು.

ಭಯ ಹೋದ ಮೇಲೆ ಆ ಹೊಲ ಎಲ್ಲರದೂ ಆಯಿತು. ದನಗಳು ನುಗ್ಗಿದವು. ಹಕ್ಕಿಯ ಸುದ್ದಿ ಜೇವರ್ಗಿ ದಾಟಿ ಹೋಯಿತು. ಅಫಜಲಪುರದ ಕಡೆಯಿಂದ ಬಂದೂಕಿನ ಹವ್ಯಾಸದ ಕೆಲವರು ಬಂದರು. ಎತ್ತಿನ ಗಾಡಿಗೆ ಹಕ್ಕಿ ಹೆದರುವುದಿಲ್ಲವೆಂದು ಗಾಡಿಯಲ್ಲೇ ಕೂತು ಹತ್ತಿರ ಹೋದರು. ನಾನು ಪಾಠ ಹೇಳುತ್ತಿದ್ದಾಗ ಈಡಿನ ಸದ್ದು ಕೇಳಿತು. ಓಡಿ ಹೋಗುವುದರೊಳಗೆ ಅದನ್ನು ರೆಕ್ಕೆ ಹಿಡಿದು ಗಾಡಿಗೆ ಎತ್ತುತ್ತಿದ್ದರು. ಕೆಲವು ಕಡೆ ಇದಕ್ಕೆ ಎರೆಭೂತ ಎನ್ನುತ್ತಾರೆಂದು ಅವರಲ್ಲೊಬ್ಬ ಹೇಳಿದ. ಸಂಜೆ ಊರಿನಲ್ಲೇ ಬೇಯಿಸಿದರು. ಹೊಲದ ಒಡೆಯನೆಂದು ಹುಲೆಪ್ಪನ ಮನೆಗೂ ಒಂದು ಪಾಲು ಹೋಯಿತು. ಭಾಗಮ್ಮ ಅದನ್ನು ಮುಟ್ಟದೆ ಹಿಂದಕ್ಕೆ ಕಳಿಸಿದಳು.

ಮರುದಿನದಿಂದ ಹುಲೆಪ್ಪ ಬದುವಿಗೆ ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡ, ಹುಲ್ಲು ಕಿತ್ತ, ಹೊಲ ಹರಗಿದ. ಊರವರು ನನ್ನನ್ನು ಹೊಗಳಿದರು. ಆದರೆ ಅವನು ಮಾತು ನಿಲ್ಲಿಸಿಬಿಟ್ಟ. ಮಗಳೊಡನೆಯೂ ಇಲ್ಲ, ಎತ್ತಿನೊಡನೆಯೂ ಇಲ್ಲ. ಹಾಗೆ ಎಷ್ಟೋ ದಿನ. ಒಂದು ಸಂಜೆ ನಮ್ಮ ಮನೆಗೆ ಬಂದ. ಮುಮತಾಜ ಚಹಾ ಕೊಟ್ಟಳು. ಅದನ್ನು ಕುಡಿದು ಮುಗಿಸಿದ. ಕೊನೆಗೆ ಬಾಯಿಬಿಟ್ಟ.

‘ಮೊದಲಿಂದು ಒಂದು ಮಸಕ್ ಫೋಟೋ ಇತ್ತಂತಲ್ರಿ. ಭಾಗಿ ಹೇಳಿದಳು. ಅದನ್ನ ಕೊಡ್ರಿ.’

ಕೊಟ್ಟೆ. ಈಗ ಅದು ಅವನ ಮನೆಯ ದೇವರ ಜಗಲಿಯ ಮೇಲಿದೆ.

ಹಿಂಗಾರಿ ಬಿತ್ತನೆಯ ದಿನ ಅವನು ಕೂರಿಗೆ ಹಿಡಿದಿದ್ದ, ಭಾಗಮ್ಮ ಬೀಜ ಬಿಡುತ್ತಿದ್ದಳು. ಅರ್ಧ ಹೊಲ ಮುಗಿದಾಗ ಅವನು ತನ್ನಷ್ಟಕ್ಕೆ ತಾನೇ, ಈ ಸಲ ಹದ ಚಲೋ ಐತಿ ಎಂದನಂತೆ. ಹಿಂದಿನಿಂದ ಭಾಗಮ್ಮ ‘ಹೂಂ’ ಎಂದಳಂತೆ. ಅವನು ಎತ್ತು ನಿಲ್ಲಿಸಿ, ತಿರುಗಿ ನೋಡದೆ ಮತ್ತೆ ಹೊಡೆದನಂತೆ. ಅಂದಿನಿಂದ ಮುಂಜಾನೆ ಅವಳೂ ಹೊಲಕ್ಕೆ ಹೋಗತೊಡಗಿದಳು. ಬಣವಿಯ ಆಚೆ ಅವನಿಗೆ ಕಾಣದ ಹಾಗೆ ಕೂತು ಹೂಂಗುಡುತ್ತಾಳೆ. ಅವನು ಸ್ವಲ್ಪ ಸ್ವಲ್ಪ ಮಾತಾಡುತ್ತಾನೆ. ಅಪ್ಪನ ಹುಚ್ಚು ಬಿಡಿಸಿ ಎಂದು ಬಂದವಳಿಗೆ ಈಗ ಇದೇ ಕೆಲಸವಾಯಿತಲ್ಲ ಎಂದು ನನ್ನ ಮುಂದೆ ಅತ್ತಳು.

ಇದಿಷ್ಟು. ಅಂಗಡಿಯ ಗಾಜಿನಿಂದ ಆ ಫೋಟೋ ತೆಗೆಸಲು ಸಾಧ್ಯವಾದರೆ ತೆಗೆಸು. ನಿನ್ನ ತಿದ್ದುಪಡಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಹೇಳಿದ ರೀತಿಯಲ್ಲಿ ಪ್ರೀತಿಯೂ ಇತ್ತು. ಆದರೆ ಇನ್ನು ಮುಂದೆ ಯಾರಾದರೂ ಮಸುಕು ಫೋಟೋ ತಂದರೆ, ಇದನ್ನು ಯಾರು ನೋಡುತ್ತಾರೆಂದು ಮೊದಲು ಕೇಳು. ನಿನ್ನಿಂದ ಇಷ್ಟು ಕಲಿತವನು ನಿನಗೆ ತಿರುಗಿ ಕೊಡಬಹುದಾದದ್ದು ಇದೊಂದೇ ಮಾತು.

ಸರಸಂಬಾದಲ್ಲಿರುವ ನಿನ್ನ ತಾಯಿಗೆ ನನ್ನ ಸಲಾಮು ತಿಳಿಸು. ಮುಮತಾಜ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನವನೇ ಆದ
ಬುರಾನುದ್ದೀನ

ತಾ.ಕ. ನಿನ್ನೆ ಬರೆದ ಕಾಗದ, ಇಂದು ಟಪಾಲಿಗೆ ಹಾಕುವ ಮುಂಚೆ ಇದನ್ನು ಸೇರಿಸುತ್ತಿದ್ದೇನೆ. ಇವತ್ತು ಮುಂಜಾನೆ ಆ ಕಡೆ ಹೋಗಿದ್ದೆ. ಹುಲೆಪ್ಪ ಬದುವಿನ ಮೇಲೆ ಕೂತು ಏನೋ ಹೇಳುತ್ತಿದ್ದ. ಬಣವಿಯ ಆಚೆಯಿಂದ ‘ಹೂಂ’ ಬರುತ್ತಿತ್ತು. ಅವನ ಮಾತು ಮುಗಿಯುವವರೆಗೂ ದೂರ ನಿಂತು ಕೇಳಿದೆ. ಆಮೇಲೆ ಹತ್ತಿರ ಹೋಗಿ, ಇಂಥ ಮಗಳನ್ನು ಪಡೆಯಲು ಪುಣ್ಯ ಮಾಡಿದ್ದೀಯ ಹುಲೆಪ್ಪ ಎಂದೆ. ಅವನು ಎದ್ದು ಧೋತರಕ್ಕಂಟಿದ ಮಣ್ಣು ಕೊಡವಿಕೊಂಡ. ‘ಭಾಗಿ ನಿನ್ನೆನೇ ಗಂಡನ ಜೋಡಿ ನಿಂಬರ್ಗಾಕ್ಕ ಹೋದಳಲ್ರಿ’ ಎಂದು ಹೇಳಿ ಊರ ದಾರಿ ಹಿಡಿದ. ನಾನು ಬಣವಿ ಸುತ್ತಿ ನೋಡಿದೆ. ಮೊಳಕೆ ಇನ್ನೂ ಬೆರಳೆತ್ತರ. ಕಾಗೆ ಕೂತರೂ ಕಾಣುವಂಥ ಬಯಲು. ಹಸಿ ಎರೆಮಣ್ಣಿನ ಮೇಲೆ ನನ್ನ ಹೆಜ್ಜೆ ಬಿಟ್ಟರೆ ಬೇರೆ ಗುರುತಿರಲಿಲ್ಲ. ಆ ‘ಹೂಂ’ ಏನಿರಬಹುದೆಂದು ಈ ಸಲ ನೀನು ನನಗೆ ತಿದ್ದಿ ಬರೆಯಬೇಡ.